ಬೀರು ಎತ್ತಿದ ಆರು ಮಂದಿ

ತನಿಖೆಯ ದಿನ ಬೆಳಿಗ್ಗೆ, ಗಂಟೆ ಹೊಡೆಯುವುದಕ್ಕೂ ಮೊದಲೇ, ಏಳನೇ ತರಗತಿಯ ಆರು ಮಕ್ಕಳನ್ನು ಆಟದ ಸಾಮಾನಿನ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಲಾಯಿತು. ಪ್ರಶ್ನೆ ಕೇಳಿದರೆ ಅವರಿಗೆ ಉತ್ತರ ಬರುವುದಿಲ್ಲ ಎನ್ನುವುದು ಕಾರಣ. ಹಾಜರಿ ಪುಸ್ತಕದಲ್ಲಿ ಆರೂ ಮಂದಿಗೆ ಜ್ವರ ಬಂದಿತ್ತು.

ಅವರ ಜೊತೆಗೆ ಒಬ್ಬ ಮೇಷ್ಟ್ರನ್ನೂ ಒಳಗೆ ಬಿಟ್ಟರು. ವಿಜ್ಞಾನ ಹೇಳುವ ಈ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಉಪಯೋಗಕ್ಕೆ ಬರುತ್ತಿತ್ತು. ಉಳಿದ ದಿನಗಳಲ್ಲಿ ಇಡೀ ಶಾಲೆಗೆ ಅವರು ಆಯ್ತಪ್ಪ ಮೇಷ್ಟ್ರು. ಯಾರು ಏನು ಹೇಳಿದರೂ 'ಆಯ್ತು' ಎನ್ನುವುದು ಅವರಿಗೆ ಹಳೆಯ ಕೆಮ್ಮಿನ ಹಾಗೆ ಅಂಟಿಕೊಂಡಿತ್ತು. ನನ್ನ ಪೀರಿಯಡ್ಡೂ ನೀವೇ ತಗೊಳ್ಳಿ ಅಂದರೆ ಆಯ್ತು. ರಜೆಯಲ್ಲಿ ಬಂದು ಬೆಂಚು ಎಣಿಸಿ ಅಂದರೆ ಆಯ್ತು. ಡ್ರಿಲ್ ಮೇಷ್ಟ್ರ ಬೈಕು ಸ್ಟಾರ್ಟ್ ಆಗದಿದ್ದರೆ ಹಿಂದಿನಿಂದ ತಳ್ಳುವುದೂ ಆಯ್ತು. ಇಷ್ಟೆಲ್ಲ ಆದರೂ ಆಗದೆ ಉಳಿದದ್ದು ಒಂದೇ, ಅವರ ಕೆಲಸ ಖಾಯಂ ಆಗುವುದು. ಎಷ್ಟೋ ವರ್ಷಗಳಿಂದ ಅವರು ತಾತ್ಕಾಲಿಕ. "ಇವತ್ತಾದ್ರೂ ಖಾಯಂ ಮಾಡಿಸ್ಕೊಂಡು ಬನ್ನಿ," ಎಂದು ಬೆಳಿಗ್ಗೆ ಅವರ ಹೆಂಡತಿ, ಅಂಗಡಿಯಿಂದ ಸೋಪು ತರಲು ಹೇಳುವ ದನಿಯಲ್ಲೇ ಹೇಳಿದ್ದರು.

ಅದಕ್ಕೂ ಕಾರಣವಿತ್ತು. ಹಿಂದಿನ ದಿನ ಹೆಡ್ ಮೇಡಂ ಅವರನ್ನು ಕೋಣೆಗೆ ಕರೆಸಿದ್ದರು.

"ತನಿಖೆ ಚೆನ್ನಾಗಾದ್ರೆ ನಿಮ್ಮನ್ನ ಖಾಯಂ ಮಾಡಿ ಅಂತ ನಾನೇ ಶಿಫಾರಸು ಮಾಡ್ತೀನಿ. ನೀವು ಏನೂ ಮಾಡ್ಬೇಕಾಗಿಲ್ಲ. ಏನೂ ಮಾಡದೆ ಇರೋದೇ ನಿಮ್ಮ ಕೆಲಸ. ಆ ಆರು ಜನ ಯಾರ ಕಣ್ಣಿಗೂ ಬೀಳ್ಬಾರದು, ಯಾರ ಕಿವಿಗೂ ಬೀಳ್ಬಾರದು. ಬಾಗಿಲು ಯಾರು ತಟ್ಟಿದ್ರೂ ತೆಗೀಬಾರದು. ನಾನೇ ತಟ್ಟಿದ್ರೂ ತೆಗೀಬಾರದು. ತಿಳೀತಾ?"

"ಆಯ್ತು ಮೇಡಂ."

ತನಿಖೆ ಎಂದರೆ ಆ ಶಾಲೆಯಲ್ಲಿ ಒಂದು ನಾಟಕ. ಪ್ರತಿ ವರ್ಷವೂ ದೊಡ್ಡ ಹಾಲಿನಲ್ಲಿ ಅದೇ ಪಾಠ, ಸನ್ನೆಕೋಲು. ಹೇಳುವವರೂ ಅವರೇ, ಮಾದರಿ ಮೇಷ್ಟ್ರು ಎಂದು ಹೆಸರಾದ ಹಿರಿಯರು. ಒಂದು ಹಲಗೆ, ಅದರ ಕೆಳಗೆ ಒಂದು ಮರದ ದಿಮ್ಮಿ. ಹಲಗೆಯ ಒಂದು ತುದಿಯಲ್ಲಿ ಡಸ್ಟರ್ ಇಟ್ಟು ಇನ್ನೊಂದು ತುದಿಯನ್ನು ಬೆರಳಿನಿಂದ ಒತ್ತುತ್ತಿದ್ದರು. ಯಾವ ಪ್ರಶ್ನೆಗೆ ಯಾವ ಹುಡುಗಿ ಕೈ ಎತ್ತಬೇಕು, ಯಾವ ಹುಡುಗ ತಲೆ ಕೆರೆದುಕೊಂಡು ಆಮೇಲೆ 'ಈಗ ಅರ್ಥವಾಯಿತು ಸರ್' ಎನ್ನಬೇಕು, ಎಲ್ಲವೂ ಮೊದಲೇ ಗೊತ್ತು. ತಲೆ ಕೆರೆಯುವ ಪಾತ್ರಕ್ಕೂ ತರಗತಿಗೆ ಎರಡನೇ ಸ್ಥಾನ ಪಡೆದ ಹುಡುಗನೇ ಬೇಕು. ನಿಜವಾಗಿ ಅರ್ಥವಾಗದವರನ್ನು ಆ ಜಾಗಕ್ಕೆ ನಂಬುವ ಹಾಗಿಲ್ಲ.

ನಿಜವಾಗಿ ಅರ್ಥವಾಗದವರು ಇಲ್ಲಿದ್ದರು, ಗಾಳಿ ಹೋದ ಚೆಂಡುಗಳ ನಡುವೆ. ಮುರಿದ ಬೆಂಚುಗಳು, ಹರಿದ ಬಲೆಗಳು, ಸುಣ್ಣದ ಡಬ್ಬ, ಬಾಗಿಲ ಪಕ್ಕದಲ್ಲಿ ಆನೆಯಂಥ ಒಂದು ಕಬ್ಬಿಣದ ಬೀರು. ಬೀರುವಿನ ತುಂಬ ಎಸೆಯುವ ಕಬ್ಬಿಣದ ಗುಂಡುಗಳು. ಬೀಗದ ಕೈ ಹಿಂದಿನ ಡ್ರಿಲ್ ಮೇಷ್ಟ್ರ ಜೊತೆಗೇ ನಿವೃತ್ತಿಯಾಗಿತ್ತು. ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ, ಅದಕ್ಕೆ ಒತ್ತಾದ ತಂತಿಬಲೆ.

ಆರು ಮಂದಿಯಲ್ಲಿ ಒಬ್ಬಳನ್ನು ಯಾಕಮ್ಮ ಎನ್ನುತ್ತಿದ್ದರು. ಒಂದನೇ ತರಗತಿಗೆ ಬಂದಾಗ ಮಾತು ಮಾತಿಗೂ 'ಯಾಕೆ' ಎಂದು ಕೇಳುತ್ತಿದ್ದಳು. ಶಾಲೆ ಅದನ್ನು ಬೇಗ ಬಿಡಿಸಿತು. ಹೆಸರು ಮಾತ್ರ ಉಳಿಯಿತು. ಕೈಕಾಲು ಎಲ್ಲಿಡಬೇಕೆಂದು ತಿಳಿಯದಷ್ಟು ಬೆಳೆದವನು ಉದ್ದಣ್ಣ. ಕಣ್ಣು ತೆರೆದುಕೊಂಡೇ ನಿದ್ದೆ ಮಾಡಬಲ್ಲವನು ನಿದ್ದೆರಾಯ. ಮಿಕ್ಕ ಮೂವರಿಗೆ ಅಡ್ಡಹೆಸರು ಇಡುವಷ್ಟೂ ಯಾರೂ ಅವರನ್ನು ಗಮನಿಸಿರಲಿಲ್ಲ. ಕಲಿಯದ ಮಕ್ಕಳು ಎಂದು ಒಟ್ಟಿಗೆ ಕರೆಯುತ್ತಿದ್ದರು. ಕಲಿಸದ ಮೇಷ್ಟ್ರು ಎನ್ನುವ ಮಾತನ್ನು ಯಾವ ಶಾಲೆಯೂ ಇನ್ನೂ ಕಂಡುಹಿಡಿದಿಲ್ಲ.

"ಯಾರೂ ಉಸಿರೆತ್ತಬಾರದು," ಎಂದರು ಆಯ್ತಪ್ಪ ಮೇಷ್ಟ್ರು, ಉಸಿರಿನಲ್ಲೇ.

ಅಷ್ಟರಲ್ಲಿ ಹೊರಗೆ ಹೆಜ್ಜೆಯ ಸದ್ದು. ಬಾಗಿಲ ಹತ್ತಿರ ಬಂದು ನಿಂತಿತು. ಒಳಗಿನ ಚಿಲಕವೋ ಸಡಿಲ. "ಬೀರು, ಬೀರು ತಳ್ರೋ," ಎಂದು ಪಿಸುಗುಟ್ಟಿ ಮೇಷ್ಟ್ರು ತಾವೇ ಹೆಗಲು ಕೊಟ್ಟರು. ನೆಲ ಬಾಗಿಲ ಕಡೆಗೆ ಇಳಿಜಾರಾಗಿತ್ತು, ಆರು ಮಂದಿಯೂ ಕೈ ಹಾಕಿದರು. ಬೀರು ಬಂಡಿಯ ಹಾಗೆ ಸರಸರ ಸರಿದು ಬಾಗಿಲಿಗೆ ಅಡ್ಡ ಬಂತು. ಅಲ್ಲಿ ನೆಲದ ಒಂದು ಕಲ್ಲು ಕಿತ್ತುಹೋಗಿ ಗುಂಡಿ ಬಿದ್ದಿತ್ತು. ಬೀರುವಿನ ಒಂದು ಕಾಲು ಅದರೊಳಗೆ ದಡಕ್ಕನೆ ಕೂತಿತು. ಕೂತದ್ದು ಕೂತೇ ಬಿಟ್ಟಿತು.

ಬಾಗಿಲ ಕೆಳಗಿನ ಸಂದಿಯಲ್ಲಿ ಒಂದು ಕಪ್ಪು ಮೂಗು ಕಾಣಿಸಿ, ಎರಡು ಸಲ ಮೂಸಿ, ಹೊರಟುಹೋಯಿತು.

"ನಾಯಿ ಸರ್," ಎಂದ ಉದ್ದಣ್ಣ.

"ಗೊತ್ತಾಯ್ತು ಸುಮ್ನಿರು."

ಸ್ವಲ್ಪ ಹೊತ್ತಿನಲ್ಲಿ ಯಾರೋ ನಿಜವಾಗಿಯೂ ಬಾಗಿಲು ಬಡಿದರು. ಡ್ರಿಲ್ ಮೇಷ್ಟ್ರ ದನಿ. ಪಿಸುಗುಟ್ಟಿದರೂ ಮೈದಾನದ ತುದಿಗೆ ಕೇಳಿಸುವ ದನಿ ಅದು.

"ರೀ ಆಯ್ತಪ್ಪನವ್ರೇ, ಹಲಗೆ ಕೊಡ್ರೀ. ದಿಮ್ಮಿ ಕೊಡ್ರೀ. ಸನ್ನೆಕೋಲಿನ ಸಾಮಾನೆಲ್ಲ ಒಳಗೇ ಉಳ್ಕೊಂಡಿದೆ. ಅಲ್ಲಿ ಮಾದರಿ ಮೇಷ್ಟ್ರು ಬರೀ ಕೈಯಲ್ಲಿ ನಿಂತಿದಾರೆ. ಮದುವೆ ಗಂಡು ತಾಳಿ ಮರೆತ ಹಾಗಾಗಿದೆ ಅವರ ಮುಖ."

"ಯಾರಿಗೂ ಬಾಗಿಲು ತೆಗೀಬಾರದು ಅಂತ ಹೆಡ್ ಮೇಡಂ ಹೇಳಿದಾರೆ."

"ಅವರೇ ನನ್ನ ಕಳಿಸಿದ್ದು ಮಾರಾಯ್ರೇ."

"ಅವರೇ ಬಂದ್ರೂ ತೆಗೀಬಾರದು ಅಂದಿದಾರೆ."

ಹೆಡ್ ಮೇಡಂ ಓಡಿ ಬಂದರು. ಚಪ್ಪಲಿಯ ಸದ್ದಿನಲ್ಲೇ ಅವರ ಕೋಪ ಕೇಳಿಸುತ್ತಿತ್ತು. "ತೆಗೀರಿ ಬಾಗಿಲು."

"ನೀವೇ ತಟ್ಟಿದ್ರೂ ತೆಗೀಬಾರದು ಅಂದಿದ್ರಿ ಮೇಡಂ."

"ಅದು ನಿನ್ನೆ ಹೇಳಿದ್ದು. ಇವತ್ತು ತೆಗೀರಿ."

"ಆಯ್ತು ಮೇಡಂ," ಎಂದರು ಮೇಷ್ಟ್ರು. ಬೀರುವನ್ನು ಹಿಂದಕ್ಕೆ ಎಳೆದರು. ಬೀರು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಆಗ್ತಿಲ್ಲ ಮೇಡಂ." ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು.

ಹೊರಗೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಬಾಗಿಲು ಒಳಮುಖಕ್ಕೆ ತೆರೆಯುವಂಥದ್ದು, ಹೊರಗಿನಿಂದ ಎಷ್ಟು ತಳ್ಳಿದರೂ ಬೀರು ತಡೆಯುತ್ತಿತ್ತು. ತಂತಿಬಲೆಯಲ್ಲಿ ಹಲಗೆ ತೂರುವುದಿಲ್ಲ. ತನಿಖಾಧಿಕಾರಿಗೆ ಕಾಫಿ ಕೊಟ್ಟು ಕೂರಿಸಿದ್ದೀನಿ, ಎರಡನೇ ಕಾಫಿ, ಇನ್ನು ಮೂರನೇದು ಕೊಟ್ಟರೆ ಅನುಮಾನ ಬರುತ್ತೆ ಎಂದು ಹೆಡ್ ಮೇಡಂ ಬಾಗಿಲ ಸಂದಿಗೆ ಬಾಯಿಟ್ಟು ಹೇಳಿದರು. "ಹತ್ತು ನಿಮಿಷದಲ್ಲಿ ಬಾಗಿಲು ತೆರೀದೆ ಇದ್ರೆ ಖಾಯಂ ವಿಚಾರ ಮರೆತುಬಿಡಿ."

"ಆಯ್ತು ಮೇಡಂ," ಎಂದರು ಅಭ್ಯಾಸಬಲದಿಂದ.

ಎಲ್ಲರೂ ಸೇರಿ ಎಳೆದರು. ಮೇಷ್ಟ್ರ ಅಂಗಿಯ ಒಂದು ಗುಂಡಿ ಹಾರಿತು, ಬೀರು ಅಲುಗಲಿಲ್ಲ. ಬೆನ್ನು ಕೊಟ್ಟು ಎತ್ತಿದರು. ಬೆನ್ನಲ್ಲಿ ಏನೋ ಚಳಕ್ ಎಂದಿತು, ಬೀರು ಅಲುಗಲಿಲ್ಲ. ಕೊನೆಗೆ ಕೂತು ಸುಧಾರಿಸಿಕೊಳ್ಳುತ್ತ, ಮಕ್ಕಳು ಗಲಾಟೆ ಮಾಡದಿರಲಿ ಎಂದು, ಬಾಯಿಗೆ ಬಂದದ್ದನ್ನೇ ಹೇಳಿಸತೊಡಗಿದರು.

"ಹೇಳಿ. ಒಂದು ಸ್ಥಿರ ಬಿಂದುವಿನ ಮೇಲೆ ತಿರುಗಬಲ್ಲ ದೃಢವಾದ ದಂಡವೇ ಸನ್ನೆಕೋಲು."

ಆರು ಮಂದಿ ಹೇಳಿದರು. ಇಡೀ ವರ್ಷ ಹೇಳಿದ್ದರು. ಅದು ಅವರ ಬಾಯಲ್ಲಿ ಕಲ್ಲಿನ ಹಾಗೆ ಹೊರಳಾಡುತ್ತಿತ್ತೇ ಹೊರತು ಒಳಗೆ ಇಳಿದಿರಲಿಲ್ಲ.

ಯಾಕಮ್ಮ ಮಾತ್ರ ಅರ್ಧಕ್ಕೆ ನಿಲ್ಲಿಸಿದಳು. ಗೋಡೆಗೆ ಒರಗಿಸಿದ್ದ ಹಲಗೆಯನ್ನೇ ನೋಡುತ್ತಿದ್ದಳು. "ಸರ್, ದಂಡ ಅಂದ್ರೆ ಇದೇನಾ?"

"ಹೌದು. ಅದೇ."

"ಇದ್ರಲ್ಲಿ ಬೀರು ಎತ್ತಬಹುದಾ?"

ಮೇಷ್ಟ್ರು ಹಲಗೆಯನ್ನು ನೋಡಿದರು. ಎಷ್ಟೋ ತನಿಖೆಗಳಿಗೆ ಅದನ್ನು ಹೆಗಲ ಮೇಲೆ ಹೊತ್ತು ಹಾಲಿಗೆ ಸಾಗಿಸಿದವರು ಅವರೇ. ಅದು ಡಸ್ಟರಿಗಿಂತ ಭಾರದ್ದನ್ನು ಎತ್ತಿದ್ದನ್ನು ಮಾತ್ರ ಕಂಡಿರಲಿಲ್ಲ. "ಎತ್ತಬೇಕು," ಎಂದರು ಅನುಮಾನದಿಂದ. "ಪುಸ್ತಕದಲ್ಲಿ ಹಾಗಿದೆ."

"ಹಂಗಾದ್ರೆ ದಿಮ್ಮಿ ಎಲ್ಲಿಡ್ಬೇಕು ಸರ್? ನಮ್ಮ ಹತ್ರಾನಾ, ಬೀರು ಹತ್ರಾನಾ?"

ಮೇಷ್ಟ್ರು ಬಾಯಿ ತೆರೆದರು. ಪುಸ್ತಕದ ಚಿತ್ರದಲ್ಲಿ ದಿಮ್ಮಿ ನಟ್ಟನಡುವೆ ಇತ್ತು. ಬೋರ್ಡಿನ ಮೇಲೆ ಅವರು ಬರೆಯುತ್ತಿದ್ದುದೂ ಹಾಗೇ. ಚಿತ್ರ ಚೆನ್ನಾಗಿ ಕಾಣುತ್ತದೆ ಎಂದು. ಪರೀಕ್ಷೆಗೆ ಬರೆದ ಸೂತ್ರ ಎಲ್ಲೋ ನೆನಪಿನ ತಳದಲ್ಲಿ ಮುಸುಕು ಹೊದ್ದು ಮಲಗಿತ್ತು, ಎಬ್ಬಿಸಿದರೆ ಏಳಲಿಲ್ಲ. ಬೇರೆ ದಿನವಾಗಿದ್ದರೆ 'ಅಧಿಕಪ್ರಸಂಗ ಮಾಡ್ಬೇಡ, ಕೂತ್ಕೋ' ಎಂದುಬಿಡುತ್ತಿದ್ದರು. ಇವತ್ತು ಬೆನ್ನು ನೋಯುತ್ತಿತ್ತು.

"ನಂಗೂ ಸರಿಯಾಗಿ ಗೊತ್ತಿಲ್ಲಮ್ಮ," ಎಂದರು.

ನಿದ್ದೆರಾಯ ಎಚ್ಚರಗೊಂಡ. ಮೇಷ್ಟ್ರೊಬ್ಬರು ಗೊತ್ತಿಲ್ಲ ಎಂದದ್ದನ್ನು ಆ ಮಕ್ಕಳು ಹುಟ್ಟಿದಮೇಲೆ ಕೇಳಿರಲಿಲ್ಲ. ಗೊತ್ತಿಲ್ಲದಿರುವುದು ತಮ್ಮ ಮನೆಯ ರೋಗ ಎಂದುಕೊಂಡಿದ್ದರು. ಆರು ಮಂದಿಯೂ ಒಂದೊಂದು ಹೆಜ್ಜೆ ಹತ್ತಿರ ಬಂದರು.

"ಹಂಗಾದ್ರೆ ಇಟ್ಟು ನೋಡೋಣ ಸರ್," ಎಂದ ಉದ್ದಣ್ಣ.

ಹಲಗೆಯ ತುದಿಯನ್ನು ಬೀರುವಿನ ಅಡಿಗೆ ತೂರಿಸಿದರು. ದಿಮ್ಮಿಯನ್ನು ತಮ್ಮ ಹತ್ತಿರಕ್ಕೆ ಇಟ್ಟುಕೊಂಡು ನಾಲ್ಕು ಮಂದಿ ಹಲಗೆಯ ಮೇಲೆ ಜೋತುಬಿದ್ದರು. ಏನೂ ಆಗಲಿಲ್ಲ. ಅಡ್ಡಹೆಸರಿಲ್ಲದ ಮೂವರಲ್ಲಿ ಒಬ್ಬಳು ಕಾಲು ಮೇಲೆ ಮಾಡಿ ಬಿದ್ದಳು, ಎಲ್ಲರೂ ನಕ್ಕರು, ಬಿದ್ದವಳೂ ನಕ್ಕಳು. ಕಿವಿಗೆ ಬೀಳಬಾರದು ಎಂಬ ಅಪ್ಪಣೆ ಮೇಷ್ಟ್ರಿಗೆ ಮರೆತೇ ಹೋಯಿತು.

"ಇಲ್ಲೇನು ನಡೀತಿದೆ?"

ತಂತಿಬಲೆಯ ಆಚೆ ಒಬ್ಬ ಹೆಂಗಸು ನಿಂತಿದ್ದರು. ಸಾದಾ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ, ಬಿಸಿಲಿಗೆ ಕೆಂಪಾದ ಮುಖ. ಇವರಲ್ಲಿ ಯಾರದೋ ತಾಯಿ ಎಂದು ಮೇಷ್ಟ್ರಿಗೆ ಹೊಳೆದು ಮುಖ ಸಣ್ಣದಾಯಿತು. ಹೆಡ್ ಮೇಡಂ ಮುಂದೆ ಸುಳ್ಳು ಹೇಳಬಹುದು. ಮಗುವನ್ನು ಹುಡುಕಿಕೊಂಡು ಬಂದ ತಾಯಿಗೆ ಏನು ಹೇಳುವುದು?

"ಅಮ್ಮಾ, ಬಯ್ಕೋಬೇಡಿ. ನಿಮ್ಮ ಮಗುಗೆ ಜ್ವರ ಗಿರ ಏನಿಲ್ಲ. ಶಾಲೆಗೆ ತನಿಖೆಗೆ ಬಂದಿದಾರೆ. ಇವರಿಗೆ ಏನೂ ಬರಲ್ಲ ಅಂತ ಇಲ್ಲಿ ಇಟ್ಟಿದಾರೆ."

"ನೀವು?"

"ನಾನು ತಾತ್ಕಾಲಿಕ."

ಆಕೆ ಬಲೆಗೆ ಮುಖ ಹತ್ತಿರ ತಂದು ನೋಡಿದರು. "ಆ ದಿಮ್ಮಿನ ಸ್ವಲ್ಪ ಆ ಕಡೆ..."

"ಹೇಳ್ಬೇಡಿ," ಎಂದುಬಿಟ್ಟರು ಮೇಷ್ಟ್ರು, ತಮಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. "ತಪ್ಪು ತಿಳ್ಕೋಬೇಡಿ ತಾಯಿ. ಅವರು ಹತ್ತಿರ ಬಂದಿದಾರೆ. ಈಗ ಹೇಳಿದ್ರೆ ಅದು ನಿಮ್ಮದಾಗುತ್ತೆ."

ಆಕೆ ತುಟಿ ಮುಚ್ಚಿಕೊಂಡರು.

ದಿಮ್ಮಿ ನಡುವಿಗೆ ಬಂತು. ಹಲಗೆ ಕಿರ್ ಎಂದಿತು, ಬೀರು ಕೂದಲೆಳೆಯಷ್ಟು ನಡುಗಿತು. "ಅಲ್ಲಾಡ್ತು, ಅಲ್ಲಾಡ್ತು," ಎಂದಳು ಯಾಕಮ್ಮ. ಹಲಗೆಯನ್ನೂ ದಿಮ್ಮಿಯನ್ನೂ ಸರದಿಯ ಮೇಲೆ ನೋಡಿದಳು. "ನಮ್ಮ ಹತ್ರ ಇದ್ದಾಗ ಏನೂ ಇಲ್ಲ. ಮಧ್ಯಕ್ಕೆ ಬಂದಾಗ ಒಂಚೂರು. ಅಂದ್ರೆ ಅದು ಬೀರು ಕಡೆ ಹೋದಷ್ಟೂ ನಮ್ಮ ಕಡೆ ಉದ್ದ ಸಿಗುತ್ತೆ. ಉದ್ದ ಸಿಕ್ಕಷ್ಟೂ..." ಮುಂದಿನದನ್ನು ಬಾಯಲ್ಲಿ ಹೇಳಲಿಲ್ಲ. ಕಾಲಿನಿಂದ ದಿಮ್ಮಿಯನ್ನು ಬೀರುವಿನ ಬುಡಕ್ಕೆ ಒತ್ತಿದಳು. ಇನ್ನೊಬ್ಬರನ್ನು ಕರೆಯಲಿಲ್ಲ. ಹಲಗೆಯ ತುದಿಯ ಮೇಲೆ ತಾನೊಬ್ಬಳೇ ಹತ್ತಿ ಕೂತಳು.

ಬೀರು ಎದ್ದಿತು. ಗುಂಡುಗಳೆಲ್ಲ ಒಳಗೆ ಗಡಗಡ ಉರುಳಿದವು. ನಿದ್ದೆರಾಯ ಯಾರೂ ಹೇಳದೆ ಮುರಿದ ಬೆಂಚಿನ ಪಟ್ಟಿಯೊಂದನ್ನು ಗುಂಡಿಯ ಮೇಲೆ ತಳ್ಳಿದ. ಉದ್ದಣ್ಣನ ಉದ್ದನೆಯ ಕೈಗಳು ಕೊನೆಗೂ ಉಪಯೋಗಕ್ಕೆ ಬಂದವು. ಅವನು ಮೇಲಿನಿಂದ ಹಿಡಿದು ಎಳೆದ, ಮಿಕ್ಕವರು ಕೆಳಗಿನಿಂದ. ಬೀರು ಪಕ್ಕಕ್ಕೆ ಸರಿಯಿತು. ಅದೇ ಹೊತ್ತಿಗೆ ಹೊರಗಿನಿಂದ ಮೈಯ ಭಾರವನ್ನೆಲ್ಲ ಹಾಕಿ ತಳ್ಳುತ್ತಿದ್ದ ಡ್ರಿಲ್ ಮೇಷ್ಟ್ರು ಬಾಗಿಲ ಸಮೇತ ಒಳಗೆ ಬಂದು ಸುಣ್ಣದ ಡಬ್ಬದಲ್ಲಿ ಮುಖ ಇಟ್ಟರು. ಹಿಂದೆಯೇ ಹೆಡ್ ಮೇಡಂ, ಅವರ ಹಿಂದೆ ಬರಿಗೈಯ ಮಾದರಿ ಮೇಷ್ಟ್ರು.

"ಹಲಗೆ ತಗೊಳ್ರಿ, ಓಡ್ರಿ," ಎಂದು ಹೆಡ್ ಮೇಡಂ ಅನ್ನುವಷ್ಟರಲ್ಲಿ ಕಿಟಕಿಯಾಚೆಯ ಹೆಂಗಸು ಸುತ್ತು ಹಾಕಿಕೊಂಡು ಬಾಗಿಲಿಗೆ ಬಂದಿದ್ದರು. ಹೆಡ್ ಮೇಡಂ ಮುಖ ಡ್ರಿಲ್ ಮೇಷ್ಟ್ರ ಮುಖಕ್ಕಿಂತ ಬೆಳ್ಳಗಾಯಿತು.

"ಮೇಡಂ, ನೀವು... ಮೂರನೇ ಕಾಫಿ..."

"ಎರಡೇ ಜಾಸ್ತಿ ಆಯ್ತು," ಎಂದರು ತನಿಖಾಧಿಕಾರಿ. "ಒಂದು ಸುತ್ತು ಹಾಕೋಣ ಅಂತ ಬಂದೆ. ಜ್ವರದವರನ್ನ ನೋಡಿದೆ."

ಆಯ್ತಪ್ಪ ಮೇಷ್ಟ್ರು ಬೀರುವಿಗೆ ಒರಗಿಕೊಂಡರು. ಈಗಷ್ಟೆ 'ಹೇಳ್ಬೇಡಿ ತಾಯಿ' ಎಂದು ತಾವು ಬಾಯಿ ಮುಚ್ಚಿಸಿದ್ದು ಯಾರನ್ನು ಎನ್ನುವುದು ಕಾಲಿನಿಂದ ಮೇಲಕ್ಕೆ ಏರುತ್ತ ಬಂದು ತಲೆ ತಲುಪಿತು. ಖಾಯಂ ಎನ್ನುವುದು ಕಿಟಕಿಯ ಬಲೆಯಲ್ಲಿ ತೂರಿ ಹಾರಿಹೋದದ್ದೂ ಕಂಡಿತು.

ತನಿಖಾಧಿಕಾರಿ ಹೆಡ್ ಮೇಡಂ ಕಡೆ ತಿರುಗಿದರು. "ಮಕ್ಕಳನ್ನ ಬಚ್ಚಿಟ್ಟ ವಿಚಾರ ಆಮೇಲೆ ಮಾತಾಡ್ತೀನಿ, ಬಿಡೋದಿಲ್ಲ. ಆದ್ರೆ ನಾನು ಎಷ್ಟೋ ಶಾಲೆ ಸುತ್ತಿದೀನಿ. ಮಗು ತಾನೇ ಯೋಚನೆ ಮಾಡಿ ತಾನೇ ತಿಳ್ಕೊಳ್ಳೋದನ್ನ, ಮೇಷ್ಟ್ರು ಬಾಯಿ ಮುಚ್ಕೊಂಡು ಅದಕ್ಕೆ ಜಾಗ ಬಿಡೋದನ್ನ ಇವತ್ತು ನೋಡಿದೆ. ನಮ್ಮ ದೊಡ್ಡ ಸಾಹೇಬರು ಇವತ್ತು ಊರಲ್ಲೇ ಇದಾರೆ. ಮಧ್ಯಾಹ್ನ ಕರ್ಕೊಂಡು ಬರ್ತೀನಿ. ಇದೇ ಮೇಷ್ಟ್ರು, ಇದೇ ಮಕ್ಕಳು, ಇದೇ ಪಾಠ. ಅವರೂ ನೋಡ್ಲಿ."

ಹೆಡ್ ಮೇಡಂ ಮುಖಕ್ಕೆ ಬಣ್ಣ ವಾಪಸ್ ಬಂತು. "ಖಂಡಿತ ಮೇಡಂ. ಇದು ನಮ್ಮ ಶಾಲೆಯ ವಿಶೇಷ ಪದ್ಧತಿ. ಹೊರಗೆ ಹೇಳ್ಕೊಂಡಿರಲಿಲ್ಲ ಅಷ್ಟೆ."

ತನಿಖಾಧಿಕಾರಿಯ ಜೀಪು ಗೇಟು ದಾಟಿತೋ ಇಲ್ಲವೋ, ತಾಲೀಮು ಶುರುವಾಯಿತು. ಡ್ರಿಲ್ ಮೇಷ್ಟ್ರು ಮಕ್ಕಳಿಂದ ಬೀರುವನ್ನು ಮತ್ತೆ ಬಾಗಿಲ ಬಳಿಗೆ ಎಳೆಸಿ ಗುಂಡಿಯ ಅಂಚಿಗೆ ನಿಲ್ಲಿಸಿದರು, ಸಾಹೇಬರು ಬಂದೊಡನೆ ಒಳಕ್ಕೆ ತಳ್ಳಿದರಾಯಿತು ಎಂದು; ಸಾಹೇಬರಿಗಾಗಿ ಹಿಂದಿನ ಕಿಟಕಿಯ ಹೊರಗೆ ಕುರ್ಚಿ ಹಾಕಿಸಿದರು. ಮಾದರಿ ಮೇಷ್ಟ್ರು ಪೆನ್ನು ಹಿಡಿದು ಮಾತು ಹಂಚಿದರು. ಉದ್ದಣ್ಣ ಇಂಥ ಜಾಗದಲ್ಲಿ ತಲೆ ಕೆರೆಯಬೇಕು. ಬಿದ್ದ ಹುಡುಗಿ ಮತ್ತೆ ಬೀಳಬೇಕು, ಈ ಸಲ ಸ್ವಲ್ಪ ಎಡಕ್ಕೆ, ಕಿಟಕಿಯಿಂದ ಕಾಣುವ ಹಾಗೆ. ನಿದ್ದೆರಾಯನಿಗೆ ಎಚ್ಚರವಾಗುವ ಕ್ಷಣವನ್ನೂ ಗುರುತು ಮಾಡಿದರು. ಹಾಲಿನಲ್ಲಿ ಬೆಳಗಿನಿಂದ ಕೈ ಕಟ್ಟಿ ಕೂತಿದ್ದ ಮುಂದಿನ ಬೆಂಚಿನ ಮಕ್ಕಳನ್ನು ಅಲ್ಲೇ ಬಿಟ್ಟು ಹಾಲಿನ ಕಿಟಕಿ ಬಾಗಿಲು ಹಾಕಲಾಯಿತು. ಹಾಜರಿಯಲ್ಲಿ ಜ್ವರ ಅವರಿಗೆ ದಾಟಿತು.

"ನೋಡಿ," ಎಂದು ಹೆಡ್ ಮೇಡಂ ಆಯ್ತಪ್ಪ ಮೇಷ್ಟ್ರನ್ನು ಪಕ್ಕಕ್ಕೆ ಕರೆದರು. "ಕಿಟಕಿಯಲ್ಲಿ ನಿಂತ್ಕೊಂಡು ನೀವು ಏನೇನು ಬಾಯಿಬಿಟ್ರಿ ಅಂತ ನಂಗೆ ಗೊತ್ತು. ಆದ್ರೂ ಮನಸ್ಸಲ್ಲಿ ಇಟ್ಕೊಳ್ಳಲ್ಲ. ಬೆಳಿಗ್ಗೆ ಹೇಗಾಯ್ತೋ ಒಂದಕ್ಷರ ಬಿಡದೆ ಹಾಗೇ ಆದ್ರೆ ನೀವು ಸಂಜೆಯೊಳಗೆ ಖಾಯಂ. ಆಗದಿದ್ರೆ ನಾಳೆಯಿಂದ ತಾತ್ಕಾಲಿಕವೂ ಇಲ್ಲ."

"ಆಯ್ತು ಮೇಡಂ."

ತಾಲೀಮು ಚೆನ್ನಾಗಿಯೇ ಹೊರಟಿತು. ಯಾಕಮ್ಮನ ಸರದಿ ಬರುವವರೆಗೆ.

"ಈಗ ನೀನು ಕೆನ್ನೆಗೆ ಬೆರಳಿಟ್ಟು ಕೇಳ್ಬೇಕು," ಎಂದರು ಮಾದರಿ ಮೇಷ್ಟ್ರು. "ದಿಮ್ಮಿ ಎಲ್ಲಿಡ್ಬೇಕು ಸರ್, ಅಂತ."

"ಬೀರು ಹತ್ರ," ಎಂದಳು ಯಾಕಮ್ಮ.

"ಉತ್ತರ ಹೇಳ್ಬೇಡ ಮಗು. ಪ್ರಶ್ನೆ ಕೇಳು."

"ಅದ್ರಲ್ಲಿ ಕೇಳೋದೇನಿದೆ ಸರ್?"

ಹೆಡ್ ಮೇಡಂ ದನಿಗೆ ಸಕ್ಕರೆ ಬೆರೆಸಿದರು. "ಪುಟ್ಟಿ, ನಿಂಗೆ ಗೊತ್ತಿಲ್ಲ ಅಂದ್ಕೋ."

"ಗೊತ್ತಲ್ಲ ಮೇಡಂ."

"ಬೆಳಿಗ್ಗೆ ಗೊತ್ತಿರಲಿಲ್ಲ ತಾನೆ?"

"ಬೆಳಿಗ್ಗೆ ಗೊತ್ತಿಲ್ಲ ಅಂತ ಒಳಗೆ ಹಾಕಿದ್ರಿ. ಈಗ ಗೊತ್ತಾಗಿದೆ ಅಂತ ಬೈತಿದೀರ."

ಆ ಮಾತನ್ನು ಬೇರೆ ಯಾರಿಗಾದರೂ ಕೊಡೋಣ ಎಂದು ಮಾದರಿ ಮೇಷ್ಟ್ರು ಉದ್ದಣ್ಣನನ್ನು ನೋಡಿದರು. ಅವನು, "ಬೀರು ಹತ್ರ," ಎಂದ. ಮೂವರನ್ನು ನೋಡಿದರು, ಮೂವರೂ ಅದನ್ನೇ ಅಂದರು. ನಿದ್ದೆರಾಯ ಕಣ್ಣು ಮುಚ್ಚಿಕೊಂಡೇ ಹೇಳಿದ.

"ಹಾಲಿನಿಂದ ಫಸ್ಟ್ ರ‍್ಯಾಂಕಿನವಳನ್ನ ಕರೆಸೋಣ," ಎಂದರು ಡ್ರಿಲ್ ಮೇಷ್ಟ್ರು. "ಅವಳಿಗೆ ನಿಜವಾಗ್ಲೂ ಗೊತ್ತಿಲ್ಲ." ಆಮೇಲೆ ನಾಲಿಗೆ ಕಚ್ಚಿಕೊಂಡರು.

ಗೇಟಿನ ಹತ್ತಿರ ಜೀಪಿನ ಸದ್ದಾಯಿತು. ಒಂದಲ್ಲ, ಎರಡು ಜೀಪು.

"ನೀವು ಹೇಳಿ," ಎಂದು ಹೆಡ್ ಮೇಡಂ ಆಯ್ತಪ್ಪ ಮೇಷ್ಟ್ರ ತೋಳು ಹಿಡಿದರು. "ನಿಮ್ಮ ಮಾತು ಕೇಳ್ತಾಳೆ. ಬೇಗ."

ಮೇಷ್ಟ್ರು ಯಾಕಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮನೆಯಲ್ಲಿ ಹೆಂಡತಿ ಕಾಯುತ್ತಿದ್ದರು. ಬೆನ್ನು ನೋಯುತ್ತಿತ್ತು. ಇಷ್ಟು ವರ್ಷ ಹೇಳಿಸಿದ ವ್ಯಾಖ್ಯೆಗಳೆಲ್ಲ ಮಕ್ಕಳ ತಲೆಯಿಂದ ಬೇಸಿಗೆ ರಜೆಯಲ್ಲೇ ಸೋರಿಹೋಗುತ್ತಿದ್ದವು. ಬೇಡವೆಂದರೂ ಹೋಗದೆ ಕೂತದ್ದು ಇದೊಂದೇ, ಅದೂ ಇವತ್ತೇ. ಅವರ ಮುಖದಲ್ಲಿ ಅಳುವೂ ನಗುವೂ ಒಂದೇ ಕುರ್ಚಿಗೆ ಜಗಳವಾಡುತ್ತಿದ್ದವು.

"ಒಂದು ಸ್ವಲ್ಪ ಹೊತ್ತು," ಎಂದರು ತೀರ ಸಣ್ಣ ದನಿಯಲ್ಲಿ, "ಮರೆತ ಹಾಗೆ ಮಾಡ್ತೀಯೇನಮ್ಮ?"

ಯಾಕಮ್ಮ ಅವರನ್ನು ಕನಿಕರದಿಂದ ನೋಡಿದಳು. ಬೆಳಿಗ್ಗೆ ಹಾರಿದ ಅಂಗಿಯ ಗುಂಡಿ ಅವಳ ಕೈಯಲ್ಲಿತ್ತು. ಅದನ್ನು ಮೇಷ್ಟ್ರ ಅಂಗೈಗೆ ಹಾಕಿದಳು.

"ಆಗಲ್ಲ ಸರ್," ಎಂದಳು. "ಅದನ್ನ ಮಾತ್ರ ಕೇಳಲ್ಲ. ನಂಗೆ ಗೊತ್ತಿಲ್ಲದೆ ಇರೋದು ಬೇರೆ ಬೇಕಾದಷ್ಟಿದೆ, ಅದನ್ನ ಕೇಳ್ತೀನಿ."